ಬಿಂದಿಗೆ ಅಳತೆಯ ಗುಡಿಸಲು

ಶಿವರಾತ್ರಿ ಕಳೆದ ಎರಡನೆಯ ದಿನ ಬೆಳಿಗ್ಗೆ, ಎಲ್ಲರ ತಟ್ಟೆಗೂ ಇಡ್ಲಿ ಬಿದ್ದು ಚಟ್ನಿ ಇನ್ನೂ ಬೀಳುವ ಮೊದಲೇ, ನನ್ನ ಗಂಡ ಗೋವಿಂದರಾಜು ಜೇಬಿನಿಂದ ಒಂದು ಕಾಗದ ತೆಗೆದು ಅವರಪ್ಪನ ಮುಂದೆ ಬಿಚ್ಚಿದರು.

“ಏನೋ ಇದು?” ಅಂದರು ಮಾವ.

“ತೋಟದ ಮನೆ ಪ್ಲಾನು ಅಪ್ಪ. ನಾಲ್ಕು ರೂಮು, ನಾಲ್ಕಕ್ಕೂ ಬಾತ್‌ರೂಮು, ಮುಂದೆ ದೊಡ್ಡ ಹಾಲು. ಆ ಗುಡಿಸಲೆಲ್ಲಾ ಕಿತ್ತಾಕಿ ಒಂದೇ ಆರ್‌ಸಿಸಿ ಮನೆ ಕಟ್ಬಿಡೋಣ.”

ಮಾವ ಆದಿನಾರಾಯಣಪ್ಪನವರಿಗೆ ಎಪ್ಪತ್ತೇಳು. ಒಂದು ಕಣ್ಣಿನ ಪೊರೆ ತೆಗೆಸಿದ್ದಾಗಿದೆ, ಇನ್ನೊಂದಕ್ಕೆ ಅವರು ಒಪ್ಪುತ್ತಿಲ್ಲ. ಕಾಗದವನ್ನು ಹತ್ತಿರ ಹಿಡಿದು, ದೂರ ಹಿಡಿದು, ತಲೆಕೆಳಗು ಮಾಡಿ ನೋಡಿ, ಕೊನೆಗೆ ಅದನ್ನು ನೆಲದ ಮೇಲಿಟ್ಟು ಅದರ ಮೇಲೆ ನೀರಿನ ಚೊಂಬು ಇಟ್ಟರು.

“ಮೊದ್ಲು ನಿನ್ನ ಮಗಳು ಯಶಸ್ವಿನಿ ಗುಡಿಸಲು ಏಳ್ಲಿ. ಮದ್ವೆ ಆಗಿ ತಿಂಗಳಾಯ್ತು. ಯುಗಾದಿಗೆ ಗಂಡನ್ನ ಕರ್ಕೊಂಡು ಬರ್ತಾಳೆ. ಎಲ್ಲಿ ಇಳ್ಕೋಬೇಕು ಆ ಮಗು?”

“ಈ ಮನೇಲಿ ಇಳ್ಕೋತಾಳೆ. ಹುಟ್ಟಿ ಬೆಳೆದ ಮನೆ ಅಲ್ವಾ?”

“ಅದು ಬೇರೆ, ಇದು ಬೇರೆ. ಕವಿತ, ಚಟ್ನಿ ಹಾಕಮ್ಮ.”

ಹಾಕಿದೆ. ನಮ್ಮ ಮನೆಯಲ್ಲಿ ಎಂಥ ಜಗಳವಾದರೂ ನಡುವೆ ಒಂದು ಸಲ ನನ್ನ ಹೆಸರು ಬರುತ್ತದೆ. ಅದರ ಹಿಂದೆ ಚಟ್ನಿಯೋ ಸಾರೋ ಮಜ್ಜಿಗೆಯೋ ಇದ್ದೇ ಇರುತ್ತದೆ.

ಈ ಗುಡಿಸಲುಗಳ ಚರಿತ್ರೆ ಹೇಳದಿದ್ದರೆ ಜಗಳದ ರುಚಿ ನಿಮಗೆ ಸಿಗುವುದಿಲ್ಲ. ಮಾಕಳಿದುರ್ಗದ ಬೆಟ್ಟದ ಬುಡದಲ್ಲಿ ನಮ್ಮ ಮಾವಿನ ತೋಟ, ಊರಿನಿಂದ ಅರ್ಧ ಮೈಲಿ. ಎಪ್ಪತ್ತು ವರ್ಷದ ಹಿಂದೆ ಮಾವನ ಸೋದರತ್ತೆ ಮುತ್ಯಾಲಮ್ಮ ಎನ್ನುವವರು ಬೇಸಿಗೆಗೆಂದು ನಾಲ್ಕು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದರು. ಬಂದ ಮೂರನೆಯ ದಿನಕ್ಕೆ ಅವರಿಗೂ ಅವರ ಅತ್ತಿಗೆಗೂ, ಅಂದರೆ ಮಾವನ ತಾಯಿಗೂ, ಸಾರಿಗೆ ಹುಣಿಸೆಹಣ್ಣು ಎಷ್ಟು ಬಿಡಬೇಕು ಎಂಬ ವಿಷಯಕ್ಕೆ ಮಾತು ಬೆಳೆಯಿತು. ಮುತ್ಯಾಲಮ್ಮ ಸಾರಿನ ಮಡಕೆಯನ್ನೇ ಎತ್ತಿಕೊಂಡು ಹೋಗಿ ತಿಪ್ಪೆಗೆ ಸುರಿದರಂತೆ. ಇಬ್ಬರು ಹೆಂಗಸರೂ ಒಲೆ ಮುಟ್ಟಲಿಲ್ಲ. ಎರಡು ದಿನ ಮನೆಮಂದಿಗೆಲ್ಲ ಉಪವಾಸ. ಮೂರನೆಯ ದಿನ ಮುತ್ಯಾಲಮ್ಮನ ಅಪ್ಪ ಆಳುಗಳನ್ನು ಕರೆದುಕೊಂಡು ತೋಟಕ್ಕೆ ಹೋಗಿ ಮಣ್ಣು ತುಳಿಸಿದರು. ಆಗ ಏಳು ವರ್ಷದ ಹುಡುಗ ನಮ್ಮ ಮಾವ, ಅವರೂ ತುಳಿದಿದ್ದರಂತೆ. “ಮಗಳ ಒಲೆ ಅಲ್ಲಿ ಉರೀಲಿ, ಸೊಸೆ ಒಲೆ ಇಲ್ಲಿ ಉರೀಲಿ, ನನಗೆ ಎರಡು ಕಡೆ ಊಟ ಸಿಗ್ಲಿ” ಅಂದರಂತೆ ಆ ಪುಣ್ಯಾತ್ಮ.

ಅಲ್ಲಿಂದ ಶುರುವಾದದ್ದು. ಮನೆಯ ಹೆಣ್ಣುಮಗಳಿಗೆ ಮದುವೆಯಾದರೆ ತೋಟದಲ್ಲಿ ಅವಳಿಗೊಂದು ಗುಡಿಸಲು. ಯುಗಾದಿಯ ಮಾರನೆಯ ದಿನದ ಹೊಸತೊಡಕಿನಿಂದ ಹಿಡಿದು ಮಾವಿನಕಾಯಿ ಕೀಳುವವರೆಗೆ ಅಲ್ಲಿ ಅವಳದೇ ರಾಜ್ಯ. ಏನು ಬೇಯಿಸಬೇಕು, ಯಾರನ್ನು ಊಟಕ್ಕೆ ಕರೆಯಬೇಕು, ಯಾರನ್ನು ಕರೆಯಬಾರದು, ಎಲ್ಲ ಅವಳಿಷ್ಟ. ಅವಳು ತೀರಿಹೋದ ಮೇಲೆ ಆ ಗುಡಿಸಲಿಗೆ ಮತ್ತೆ ಚಾವಣಿ ಹೊದಿಸುವಂತಿಲ್ಲ. ಮುತ್ಯಾಲಮ್ಮನವರದು ಈಗ ಮೊಣಕಾಲೆತ್ತರದ ಗೋಡೆ, ಒಳಗೊಂದು ಹೊಂಗೆ ಗಿಡ. ಅದರ ಪಕ್ಕದ್ದು ಮಾವನ ತಂಗಿ ಅನುಸೂಯಮ್ಮನವರದು. ಅವರನ್ನು ಬೂದಿಗೆರೆಗೆ ಕೊಟ್ಟಿರುವುದರಿಂದ ನಮಗೆಲ್ಲ ಅವರು ಬೂದಿಗೆರೆ ಅತ್ತೆ. ಅರವತ್ತೆಂಟರ ವಯಸ್ಸಿನಲ್ಲೂ ಪ್ರತಿ ವರ್ಷ ಬಸ್ಸಿನಲ್ಲಿ ಸ್ವಂತ ಕುಕ್ಕರು, ಸ್ವಂತ ಸೌಟು ಹೊತ್ತುಕೊಂಡು ಬರುತ್ತಾರೆ. ಮೂರನೆಯದು ನನ್ನ ನಾದಿನಿ ಶಿಲ್ಪಳದು. ಅದಕ್ಕೆ ಸಿಮೆಂಟ್ ಶೀಟು ಹೊದಿಸಿದ್ದಾರೆ. ಮಧ್ಯಾಹ್ನ ಮೂರು ಗಂಟೆಗೆ ಒಳಗೆ ಹಪ್ಪಳ ಸುಡಬಹುದು, ಆದರೂ ನೆಲಮಂಗಲದಲ್ಲಿ ಎರಡು ಅಂತಸ್ತಿನ ಮನೆಯಿರುವ ಅವಳಿಗೆ ಅದೇ ಅರಮನೆ.

ಗುಡಿಸಲಿನ ಬಾಗಿಲಿಗೆ ಒಂದು ಅಳತೆಯಿದೆ. ಮಗಳು ತಲೆಯ ಮೇಲೆ ನೀರು ತುಂಬಿದ ಹಿತ್ತಾಳೆ ಬಿಂದಿಗೆ ಹೊತ್ತು ನಿಲ್ಲಬೇಕು. ಬಿಂದಿಗೆಯ ಬಾಯಿಂದ ನೆಲದವರೆಗೆ ಅರಿಶಿನ ಹಚ್ಚಿದ ಹುರಿ ಹಿಡಿದು, ಅದಕ್ಕೆ ಎರಡು ಬೆರಳು ಸೇರಿಸಿ, ಅಷ್ಟು ಎತ್ತರಕ್ಕೆ ಬಾಗಿಲ ಮೇಲಿನ ಕಲ್ಲು ಚಪ್ಪಡಿ ಕೂರಿಸುತ್ತಾರೆ. ಹೊಸತೊಡಕಿನ ದಿನ ಮಗಳು ಅದೇ ಬಿಂದಿಗೆ ಹೊತ್ತು, ಕತ್ತು ಬಗ್ಗಿಸದೆ ಒಳಗೆ ಹೋಗಬೇಕು. ತವರಿನ ಬಾಗಿಲಲ್ಲಿ ಹೆಣ್ಣುಮಗಳು ತಲೆ ತಗ್ಗಿಸಬಾರದು ಎಂದು ಆ ಹಿರಿಯರು ಮಾಡಿದ ಕಟ್ಟಳೆ. ಬಿಂದಿಗೆ ಕಲ್ಲಿಗೆ ತಾಗಿತೋ, ಆ ಗುಡಿಸಲು ಅವಳದಲ್ಲ.

ಇನ್ನು ಹುರಿಯ ಕೆಳತುದಿ. ಅದನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು ನೆಲದ ಮೇಲೆ ಕೂರುವುದು ಸೊಸೆಯ ಕೆಲಸ. ಅನುಸೂಯಮ್ಮನವರಿಗೆ ನನ್ನ ಅತ್ತೆ ನರಸಮ್ಮ ಹಿಡಿದಿದ್ದರು. ಶಿಲ್ಪಳಿಗೆ ನಾನು ಹಿಡಿದೆ. ಗುಡಿಸಲಿಗೂ ಸೊಸೆಗೂ ಅಷ್ಟೇ ನಂಟು. ಆಮೇಲೆ ರಾಗಿಹಿಟ್ಟು, ಅಕ್ಕಿ, ಎಣ್ಣೆ, ಸೌದೆ, ಮಜ್ಜಿಗೆ ಎಲ್ಲ ತುಂಬಿ ಕಳಿಸುವುದು ನಾವು, ಕರೆದರೆ ಹೋಗಿ ಉಂಡು ಬರುವುದೂ ನಾವು. ಅಲ್ಲಿ ಒಲೆ ಹಚ್ಚುವಂತಿಲ್ಲ, ಅಲ್ಲಿ ಮಲಗುವಂತಿಲ್ಲ.

ಇಪ್ಪತ್ತಾರು ಬೇಸಿಗೆ ಹೀಗೇ ಕಳೆದಿದ್ದೇನೆ. ಊರಿನ ಹಾಲಿನ ಡೈರಿಯಲ್ಲಿ ಎರಡು ಹೊತ್ತು ಹಾಲು ಅಳೆಯುವುದು ನನ್ನ ಕೆಲಸ. ಸಂಜೆಯ ಹಾಲು ಮುಗಿಸಿ ಬಂದು ಟೆರೇಸಿನ ಮೇಲೆ ಬಟ್ಟೆ ತೆಗೆಯುವಾಗ ತೋಟದ ಕಡೆ ಒಲೆಗಳ ಹೊಗೆ ಕಾಣುತ್ತದೆ. ಅವರ ನಗು ಅಷ್ಟು ದೂರ ಕೇಳಿಸುವುದಿಲ್ಲ, ಆದರೆ ನನಗೆ ಕೇಳಿಸುತ್ತದೆ. ನನ್ನ ತವರು ದೇವನಹಳ್ಳಿ ಕಡೆ. ಅಪ್ಪ ಅಮ್ಮ ಹೋದ ಮೇಲೆ ಅಣ್ಣ ಆ ಮನೆ ಮಾರಿ ಫ್ಲಾಟಿಗೆ ಹೋದ. ಅಲ್ಲಿ ನಾನು ಹೋದರೆ ಸೋಫಾದ ಮೇಲೆ ಕೂತು ಕಾಫಿ ಕುಡಿದು ಬರಬೇಕು. ಬೇಸಿಗೆಯಲ್ಲಿ ಹೋಗಲು ನನಗೊಂದು ಜಾಗವಿಲ್ಲ. ಆ ತೋಟದಲ್ಲಿ ನನಗೂ ಒಂದು ಒಲೆ ಇರಬೇಕು ಅನ್ನುವುದು ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಸಣ್ಣ ಆಸೆ. ಹೇಳಿಕೊಂಡಿರಲೂ ಇಲ್ಲ.

ಹಾಗಾಗಿ, ನಿಜ ಹೇಳುತ್ತೇನೆ, ನನ್ನ ಗಂಡನ ಪ್ಲಾನು ನನಗೆ ಒಳಗೊಳಗೇ ಇಷ್ಟವಾಗಿತ್ತು, ಕೆಲಸಕ್ಕೆ ಹೊರಟ ಅವರ ಕಿವಿಯಲ್ಲಿ ಚೆನ್ನಾಗಿದೆ ಅಂದೂ ಇದ್ದೆ. ಒಂದೇ ಮನೆಯಾದರೆ ಅಲ್ಲಿ ನಾನೂ ಇರಬಹುದಲ್ಲ! ಆ ಸಂಜೆ ಅತ್ತೆ ರಾಗಿ ಕೇರುತ್ತಿದ್ದಾಗ ಪಕ್ಕದಲ್ಲಿ ಕೂತು ಮೆಲ್ಲಗೆ ಶುರು ಮಾಡಿದೆ.

“ಪ್ಲಾನು ಏನು ಕೆಟ್ಟದಾಗಿಲ್ಲ ಅಲ್ವಾ ಅತ್ತೆ?”

ಅತ್ತೆ ಮೊರ ನಿಲ್ಲಿಸಲಿಲ್ಲ. “ರೂಮು ಎಷ್ಟಂದ?”

“ನಾಲ್ಕು.”

“ಬಚ್ಚಲು?”

“ನಾಲ್ಕು.”

“ಅಡುಗೆಮನೆ?”

“ಒಂದು.”

“ಮೂರು ಸಂಸಾರ, ಅವರ ಮಕ್ಕಳು, ಎರಡು ತಿಂಗಳು. ಆ ಒಂದು ಅಡುಗೆಮನೇಲಿ ಬೇಯ್ಸೋರು ಯಾರು?”

ರಾತ್ರಿ ಊಟಕ್ಕೆ ಕೂತಾಗ, “ರೀ, ನಿಮ್ಮ ಪ್ಲಾನು ಬೇಡ” ಅಂದೆ.

“ಬೆಳಿಗ್ಗೆ ಚೆನ್ನಾಗಿದೆ ಅಂದ್ಯಲ್ಲೇ!”

“ಬೆಳಿಗ್ಗೆ ಹೊಟ್ಟೆ ಖಾಲಿ ಇತ್ತು.”

ಪಾಪ, ಅವರದೂ ತಪ್ಪಿಲ್ಲ. ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಕೆಲಸ, ವಾರಕ್ಕೆ ಒಂದೇ ರಜೆ. ಆ ರಜೆಯೂ ಗರಿ ಹೊದಿಸುವುದು, ಗೆದ್ದಲು ಕೆರೆಯುವುದು, ಹಾವು ಬಂತೆಂದು ಶಿಲ್ಪ ಕಿರುಚಿದರೆ ದೊಣ್ಣೆ ಹಿಡಿದು ಓಡುವುದು ಇದಕ್ಕೇ ಸರಿಹೋಗುತ್ತಿತ್ತು.

ಭಾನುವಾರ ಬೂದಿಗೆರೆ ಅತ್ತೆಗೆ ಸುದ್ದಿ ಮುಟ್ಟಿತು. ಫೋನನ್ನು ಸ್ಪೀಕರಿಗೆ ಹಾಕುವ ಅಗತ್ಯವೇ ಬೀಳಲಿಲ್ಲ.

“ಲೇ ಗೋವಿಂದ! ನನ್ನ ಗುಡಿಸಲಿನ ಒಂದು ಗರಿ ಮುಟ್ಟಿ ನೋಡು, ಬಂದು ಬಾಗಿಲಲ್ಲೇ ಕೂತ್ಕೋತೀನಿ. ಜೆಸಿಬಿ ನನ್ನ ಮೇಲೆ ಹತ್ತಿಸ್ಕೊಂಡು ಹೋಗು!”

“ಅತ್ತೆ, ನಿಮಗೇ ರೂಮು ಕಟ್ಸೋದು. ವೆಸ್ಟರ್ನ್ ಟಾಯ್ಲೆಟ್ಟು, ಗೀಸರು...”

“ಗೀಸರ್ ಬೂದಿಗೆರೇಲಿ ಇಲ್ವಾ? ಗೀಸರ್ ನೋಡೋಕೆ ತವರಿಗೆ ಬರ್ತೀನಾ ನಾನು?”

ಯಶಸ್ವಿನಿ ಹೊಸಕೋಟೆಯಿಂದ ಫೋನ್ ಮಾಡಿ, “ಅಪ್ಪ, ನಂಗೆ ಗುಡಿಸಲೇ ಬೇಕು. ಆದ್ರೆ ಟಾಯ್ಲೆಟ್ ಒಂದು ಕಟ್ಸಿ ಪ್ಲೀಸ್. ಮುರಳಿ ಮುಂದೆ ಚೊಂಬು ಹಿಡ್ಕೊಂಡು ಹೋಗೋಕೆ ನಂಗಾಗಲ್ಲ” ಅಂದಳು. ಕೊನೆಗೆ ಮಾವ ತೀರ್ಪು ಕೊಟ್ಟರು: ಟಾಯ್ಲೆಟ್ಟು ಕಟ್ಟಿಸುವುದು, ಯಶಸ್ವಿನಿಯ ಗುಡಿಸಲು ಏಳಿಸುವುದು, ಆರ್‌ಸಿಸಿ ಮಾತು ಹೊಸತೊಡಕಿನ ದಿನ ಹೆಣ್ಣುಮಕ್ಕಳೆಲ್ಲ ಸೇರಿದಾಗ ಎತ್ತುವುದು.

ಮುಂದಿನ ಭಾನುವಾರ ಅಳತೆ. ಸಂಜೆ ನಾಲ್ಕೂವರೆಗೆ ರಾಹುಕಾಲ ಹತ್ತುತ್ತದೆ, ಅಷ್ಟರೊಳಗೆ ಮುಗಿಯಬೇಕು ಎಂದು ಮಾವ ಬೆಳಗಿನಿಂದ ಎಲ್ಲರಿಗೂ ಹೇಳಿದ್ದೇ ಹೇಳಿದ್ದು. ಮಗಳು ಅಳಿಯ ಹನ್ನೊಂದಕ್ಕೇ ಬಂದರು. ಊಟವಾಯಿತು. ಮುರಳಿ ಬೆಟ್ಟ ನೋಡಿ, “ಕೋಟೆವರೆಗೂ ಹತ್ತಬಹುದಾ ಅಜ್ಜಿ?” ಅಂದ.

“ಅಯ್ಯೋ, ಯಾಕಾಗಲ್ಲ? ಹೋಗ್ಬನ್ನಿ,” ಅಂದರು ಅತ್ತೆ. “ಇನ್ನೂ ಬೇಕಾದಷ್ಟು ಹೊತ್ತಿದೆ. ಮೇಲೆ ಬಸವಣ್ಣನ್ನ ನೋಡ್ಕೊಂಡು ಬನ್ನಿ, ಹೊಸದಾಗಿ ಮದ್ವೆಯಾದೋರು.”

ಹೋದವರು ಹೋದರು. ಮೂರೂವರೆಯಾಯಿತು, ನಾಲ್ಕಾಯಿತು. ಫೋನು ಸಿಗಲಿಲ್ಲ. ನಾಲ್ಕೂಕಾಲಿಗೆ ತೋಟದಲ್ಲಿ ಬೈರೇಶ್ ಮೇಸ್ತ್ರಿ ಗೂಟ ಹಿಡಿದು ನಿಂತಿದ್ದಾನೆ, ಮಾವ ಹುರಿ ಹಿಡಿದು ನಿಂತಿದ್ದಾರೆ, ಬಿಂದಿಗೆ ತುಂಬಿ ಕೂತಿದೆ, ಹೊರುವವಳಿಲ್ಲ.

“ಹೋಗಿ ಹೋಗಿ ಇವತ್ತೇ ಬೆಟ್ಟ ಹತ್ತಬೇಕಾಗಿತ್ತಾ ಇವ್ರು!” ಮಾವ ಹುರಿಯನ್ನು ಹೆಗಲಿಗೆ ಎಸೆದರು. “ಇವತ್ತು ಬಿಟ್ರೆ ಮುಂದಿನ ವಾರ ಎಲ್ಲಾ ಬರೀ ಕೆಟ್ಟ ದಿನ. ಯುಗಾದಿಗೆ ಏಳಲ್ಲ ಕಣಯ್ಯ ಗುಡಿಸಲು.”

“ಕವಿತನ್ನ ನಿಲ್ಸಿ,” ಅಂದರು ಅತ್ತೆ. “ತಾಯಿ ಮಗಳು ಇಬ್ರೂ ಒಂದೇ ಎತ್ತರ.”

ಮಾವ ನನ್ನನ್ನು ಒಳ್ಳೆಯ ಕಣ್ಣಿನಿಂದ ಒಮ್ಮೆ, ಕೆಟ್ಟ ಕಣ್ಣಿನಿಂದ ಒಮ್ಮೆ ನೋಡಿದರು. “ಹೌದು, ಒಂದೇ ಎತ್ತರ. ಬಾಮ್ಮ, ಬೇಗ ಬಾ.”

ಒಂದೇ ಎತ್ತರವಲ್ಲ. ಎಸೆಸೆಲ್ಸಿಯಲ್ಲೇ ಅವಳು ನನ್ನನ್ನು ದಾಟಿದ್ದಳು, ಈಗ ನಾಲ್ಕು ಬೆರಳು ಎತ್ತರ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಫ್ಯಾಟು ಒಂದು ಪಾಯಿಂಟು ಕಡಿಮೆ ಬಂದರೆ ಡೈರಿ ಅಧ್ಯಕ್ಷರ ಮನೆಯ ಹಾಲನ್ನೂ ವಾಪಸು ಕಳಿಸುವವಳು ನಾನು. ಹೇಳಬೇಕು ಅಂತಲೇ ಬಾಯಿ ತೆರೆದೆ. ಅಷ್ಟರಲ್ಲಿ ಬೈರೇಶ್ ಬಿಂದಿಗೆ ಎತ್ತಿ ಕೊಟ್ಟ. ನಾನೇ ಇಸಿದುಕೊಂಡು ಸಿಂಬಿಯ ಮೇಲೆ ಇಟ್ಟುಕೊಂಡೆ. ನೀರಿನ ತಂಪು ತಲೆಗೆ ಇಳಿಯಿತು. ಎದುರಿಗೆ ಬೆಟ್ಟ, ಎರಡೂ ಕಡೆ ಹೂಬಿಟ್ಟ ಮಾವು. ಬಾಯಿ ತಾನಾಗಿ ಮುಚ್ಚಿಕೊಂಡಿತು.

“ಕೆಳಗಡೆ ತುದಿ ಹಿಡಿಯೋರು ಯಾರು?” ಅಂದ ಬೈರೇಶ್.

“ನಾನಿದೀನಲ್ಲ,” ಅಂದರು ಅತ್ತೆ. ಎಪ್ಪತ್ತೊಂದು ವರ್ಷ, ಎರಡೂ ಮಂಡಿಗೆ ನೋವಿನೆಣ್ಣೆ. ಗೂಟ ಹಿಡಿದುಕೊಂಡು ಒಂದೊಂದೇ ಮಂಡಿ ಊರಿ ನನ್ನ ಪಾದದ ಹತ್ತಿರ ಕೂತರು. ಹುರಿಯ ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದರು.

“ಅಯ್ಯೋ ಅತ್ತೆ, ನೀವು ಯಾಕೆ...”

“ಅಲ್ಲಾಡ್ಬೇಡ. ನೀರು ಚೆಲ್ಲುತ್ತೆ.”

ಮಗಳು ಅಳಿಯ ಕೆಳಗಿಳಿದಾಗ ಐದು ಗಂಟೆ. “ಸಾರಿ ತಾತ, ಲೇಟಾಗ್ಬಿಡ್ತು!” ಅಂದಳು. “ಪರವಾಗಿಲ್ಲ ಮಗಳೇ, ನಿಮ್ಮಮ್ಮ ನಿಂತ್ಕೊಂಡ್ಲು” ಅಂದರು ಮಾವ. ಅವಳು ನನ್ನ ಕುತ್ತಿಗೆಗೆ ಜೋತುಬಿದ್ದು ಥ್ಯಾಂಕ್ಸ್ ಹೇಳಿದಳು. ನಾನು ಡೈರಿಗೆ ಹೊತ್ತಾಯಿತೆಂದು ಓಡಿದೆ. ಅವತ್ತು ಸಂಜೆ ಯಾರ ಹಾಲನ್ನೂ ವಾಪಸು ಕಳಿಸಲಿಲ್ಲ.

ಆಮೇಲಿನ ಮೂರು ವಾರ ನನ್ನ ಪಾಡು ಕೇಳಬೇಡಿ. ಮಗಳ ಗುಡಿಸಲನ್ನು ಹೆತ್ತ ತಾಯಿಯೇ ಕದ್ದ ಹಾಗಾಯಿತಲ್ಲ! ಗೋಡೆ ಏಳುತ್ತಿದ್ದಂತೆ ನನ್ನ ಎದೆ ಕುಸಿಯುತ್ತಿತ್ತು. ಯಶಸ್ವಿನಿ ದಿನಾ ವಾಟ್ಸಾಪಿನಲ್ಲಿ ಒಂದೊಂದು ಫೋಟೋ ಕಳಿಸುವಳು: ಈ ಕರ್ಟನ್ ಚೆನ್ನಾಗಿದೆಯಾ, ಈ ಚಾಪೆ ಸಾಕಾ. “ಚೆನ್ನಾಗಿದೆ ಕಣೇ” ಎಂದು ಬರೆದು ಫೋನು ಕವುಚಿ ಇಡುತ್ತಿದ್ದೆ.

ಒಂದು ಸಂಜೆ ಧೈರ್ಯ ಮಾಡಿ ಗಂಡನಿಗೆ ಮಜ್ಜಿಗೆ ಬಡಿಸುತ್ತಾ, “ರೀ, ಆ ಬಾಗಿಲು ಒಂಚೂರು ಗಿಡ್ಡ ಆಯ್ತೇನೋ” ಅಂದೆ.

“ಗಿಡ್ಡನೋ ಉದ್ದನೋ ನನ್ನನ್ನ ಕೇಳ್ಬೇಡ. ನನ್ನ ಪ್ಲಾನಲ್ಲಿ ಏಳಡಿ ಬಾಗಿಲಿತ್ತು.”

ಬೆಳಿಗ್ಗೆ ಡೈರಿ ಮುಗಿಸಿ ತೋಟಕ್ಕೇ ಹೋದೆ. ಕಲ್ಲು ಚಪ್ಪಡಿ ಆಗಲೇ ಕೂತಿತ್ತು. ಬೈರೇಶ್ ಅದರ ಮೇಲಿನ ವರಸೆಗೆ ಮಣ್ಣು ಮೆತ್ತುತ್ತಿದ್ದ.

“ಬೈರೇಶಣ್ಣ, ಇದನ್ನ ನಾಲ್ಕು ಬೆರಳು ಮೇಲೆತ್ತೋಕೆ ಆಗುತ್ತಾ?”

“ಏನಕ್ಕಾ ತಮಾಷೆನಾ? ಆರು ಜನ ಎತ್ತಿ ಕೂರ್ಸಿದೀವಿ. ಯಜಮಾನ್ರು ಹುರಿ ಇಟ್ಟು ನೋಡಿದಾರೆ, ಕೂದಲೆಳೆ ಹೆಚ್ಚು ಕಮ್ಮಿ ಇಲ್ಲ.”

“ಹುರಿ ಸರಿ ಇದೆಯಾ ಅಂತ...”

“ನಿಮ್ಮತ್ತೆ ಹಿಡಿದದ್ದು. ಅದನ್ನ ತಪ್ಪು ಅನ್ನೋಕೆ ನಂಗೆ ತಲೆ ಕೆಟ್ಟಿದ್ಯಾ?”

ಮನೆಗೆ ಬಂದು ಅತ್ತೆಗಾದರೂ ಹೇಳೋಣವೆಂದು ಪಕ್ಕದಲ್ಲಿ ಕೂತೆ. ಅವರು ಅವರೆಕಾಯಿ ಸುಲಿಯುತ್ತಿದ್ದರು. “ಅತ್ತೆ, ಒಂದು ವಿಷ್ಯ...” ಅಂದೆ. “ಕೈ ಖಾಲಿ ಇದ್ರೆ ಸುಲಿ” ಎಂದು ಅರ್ಧ ರಾಶಿ ನನ್ನ ಮಡಿಲಿಗೆ ತಳ್ಳಿದರು. ಸುಲಿದೆ. ಕಾಳು ಮುಗಿದ ಮೇಲೆ ಸಿಪ್ಪೆ ಬಾಚಿಕೊಂಡು ಎದ್ದುಹೋದೆ.

ಯುಗಾದಿ ಬಂತು. ಬೇವು ಬೆಲ್ಲ, ಒಬ್ಬಟ್ಟು ಎಲ್ಲ ಆಯಿತು. ಮಾರನೆಯ ದಿನ ಹೊಸತೊಡಕು. ಗೋವಿಂದರಾಜು ನಸುಕಿನಲ್ಲೇ ಹೋಗಿ ಊರವರು ಸೇರಿ ಕುರಿ ಕೊಯ್ದು ಹಂಚಿಕೊಳ್ಳುವ ಗುಡ್ಡೆ ಬಾಡಿನಲ್ಲಿ ನಾಲ್ಕು ಪಾಲು ಮಟನ್ ತಂದರು. ಶಿಲ್ಪ ಮಕ್ಕಳೊಂದಿಗೆ ಬಂದಳು. ಬೂದಿಗೆರೆ ಅತ್ತೆ ಕುಕ್ಕರು ಸೌಟಿನೊಂದಿಗೆ ಇಳಿದರು. ಎಲ್ಲರೂ ಲಗೇಜ್ ಆಟೋದಲ್ಲಿ ತೋಟಕ್ಕೆ ಹೊರಟೆವು. ಅತ್ತೆ ಕಂಕುಳಲ್ಲಿ ಒಂದು ಚಾಪೆಯ ಸುರುಳಿ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದರು. ಕೂರಲು ತಂದಿರಬೇಕೆಂದು ಯಾರೂ ಕೇಳಲಿಲ್ಲ.

ಗುಡಿಸಲು ಮಾತ್ರ ಮುದ್ದಾಗಿ ಎದ್ದಿತ್ತು. ಕೆಮ್ಮಣ್ಣಿನ ಗೋಡೆ, ಹೆಂಚಿನ ಚಾವಣಿ, ಒಳಗೆ ಮೂಲೆಯಲ್ಲಿ ಸಗಣಿ ಸಾರಿಸಿ ರಂಗೋಲಿ ಬಿಟ್ಟ ಎರಡು ಒಲೆ. ಯಶಸ್ವಿನಿ ರೇಷ್ಮೆ ಸೀರೆಯುಟ್ಟು ಬಿಂದಿಗೆ ಹೊತ್ತಳು. ಮುರಳಿ ಹೊಸ ಪಂಚೆಯಲ್ಲಿ ಅವಳ ಹಿಂದೆ. ನಾನು ಹಲ್ಲು ಕಚ್ಚಿಕೊಂಡು ಮಾವಿನ ಮರಕ್ಕೆ ಒರಗಿ ನಿಂತೆ.

“ಕತ್ತು ಬಗ್ಗಿಸ್ಬೇಡ ಮಗಳೇ, ನೆಟ್ಟಗೆ ಹೋಗು,” ಅಂದರು ಮಾವ.

ನೆಟ್ಟಗೇ ಹೋದಳು. ಠಣ್ ಎಂದು ಬಿಂದಿಗೆ ಕಲ್ಲಿಗೆ ಬಡಿಯಿತು. ಬಿಂದಿಗೆ ಹಿಂದಕ್ಕೆ ವಾಲಿ, ಅರ್ಧ ನೀರು ಮುರಳಿಯ ತಲೆಯಿಂದ ಪಂಚೆಯವರೆಗೆ ಇಳಿಯಿತು.

ಶಿಲ್ಪಳ ಮಕ್ಕಳು ಕಿಸಕ್ಕೆಂದರು.

“ಬೈರೇಶ!” ಮಾವ ಕೂಗಿದರು. “ಏನಯ್ಯಾ ಇದು?”

“ನಂದೇನಿಲ್ಲ ಯಜಮಾನ್ರೆ! ಹುರಿ ಇದೆ, ನೋಡ್ಕೊಳ್ಳಿ!”

ಬೂದಿಗೆರೆ ಅತ್ತೆ ಸೊಂಟದ ಮೇಲೆ ಕೈಯಿಟ್ಟು ಮುಂದೆ ಬಂದರು. “ಅಳತೆಗೆ ನಿಂತಿದ್ದು ಯಾರು?”

ನಾನು ಮರ ಬಿಟ್ಟು ಬಂದೆ. “ನಾನು. ತಪ್ಪು ನನ್ನದೇ. ಇವಳು ನನಗಿಂತ ಎತ್ತರ ಅಂತ ನಂಗೆ ಗೊತ್ತಿತ್ತು. ಹೇಳ್ಲಿಲ್ಲ.”

“ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?” ಅಂದರು ನನ್ನ ಗಂಡ.

“ಬಿಂದಿಗೆ ತಲೆ ಮೇಲಿತ್ತು. ಇಳಿಸೋಕೆ ಮನಸ್ಸು ಬರ್ಲಿಲ್ಲ.” ಅಷ್ಟು ಹೇಳುವುದರೊಳಗೆ ಅಳು ಬಂದೇಬಿಟ್ಟಿತು. ನಲವತ್ತೇಳು ವರ್ಷದ ಹೆಂಗಸು, ಅಳಿಯನ ಮುಂದೆ, ಮೂಗು ಸುರಿಸಿಕೊಂಡು ಅತ್ತುಬಿಟ್ಟೆ. “ಇಪ್ಪತ್ತಾರು ವರ್ಷ ಆಯ್ತು. ನಂಗೂ ಇಲ್ಲೊಂದು ಒಲೆ ಬೇಕು ಅಂತ ಅನ್ನಿಸ್ತಿತ್ತು. ಅದಕ್ಕೆ ಮಗಳದ್ದಕ್ಕೇ ಕೈ ಹಾಕ್ಬಿಟ್ಟೆ.”

ಮಾವ ತಲೆ ಕೆರೆದುಕೊಂಡರು. “ಸೊಸೆಗೆ ಗುಡಿಸಲು ಕೊಟ್ಟ ಪದ್ಧತಿ ಇಲ್ವಲ್ಲಮ್ಮ ನಮ್ಮಲ್ಲಿ...”

“ಕೊಡ್ಬೇಡ ಅಂದೋರು ಯಾರು?” ಅದು ಬೂದಿಗೆರೆ ಅತ್ತೆ! ಎಲ್ಲರಿಗಿಂತ ಮೊದಲು ಇವರೇ ನನ್ನ ಮೇಲೆ ಬೀಳುತ್ತಾರೆಂದು ನಾನು ಎಣಿಸಿದ್ದೆ. “ಅಣ್ಣ, ತಾತ ಹೇಳಿದ್ದು ನಿಂಗೆ ಮರ್ತಿದ್ರೆ ನಾನು ಹೇಳ್ತೀನಿ. ಬಿಂದಿಗೆ ತಾಗಿದ್ರೆ ಅವಳದಲ್ಲ, ತಾಗದೇ ಇದ್ರೆ ಅವಳದು. ಮಗಳು, ಸೊಸೆ ಅಂತ ಕಲ್ಲಿಗೇನು ಗೊತ್ತು? ಕವಿತ, ಬಿಂದಿಗೆ ತುಂಬ್ಕೊಂಡು ಬಾ.”

“ಬೇಡ ಅತ್ತೆ. ಅದು ಮಗಳದ್ದು.”

“ಅಮ್ಮ, ಹೋಗ್ತೀಯಾ ಇಲ್ವಾ?” ಯಶಸ್ವಿನಿ ನನ್ನ ಬೆನ್ನಿಗೆ ಕೈಹಾಕಿ ತಳ್ಳಿದಳು. ಅವಳ ಕಣ್ಣೂ ಒದ್ದೆಯಾಗಿತ್ತು. “ಸಂಜೆ ಸಂಜೆ ಟೆರೇಸ್ ಮೇಲೆ ನಿಂತ್ಕೊಂಡು ಈ ಕಡೆ ನೋಡ್ತಿದ್ದೆಯಲ್ಲ, ನಾನೇನು ಕುರುಡಿನಾ? ಚಿಕ್ಕೋಳಿದ್ದಾಗ ಇಲ್ಲಿ ಅಜ್ಜಿ ಜೊತೆ ಊಟಕ್ಕೆ ಕೂತ್ರೆ ನೀನು ಅಲ್ಲಿ ನಿಂತಿರೋದು ಕಾಣ್ಸೋದು. ತುತ್ತು ಇಳೀತಿರ್ಲಿಲ್ಲ.”

“ಮತ್ತೆ ನಿಂದು?”

“ತಾತ ಮುಂದಿನ ವರ್ಷ ಇನ್ನೊಂದು ಕಟ್ತಾರೆ. ಅಲ್ವಾ ತಾತ? ಈ ವರ್ಷ ನಾನು ನಮ್ಮಮ್ಮನ ಮನೆಗೆ ಬಂದಿದೀನಿ ಅಂದ್ಕೋತೀನಿ.”

“ಇನ್ನೊಂದಾ!” ಎಂದು ಗೋವಿಂದರಾಜು ಅಲ್ಲೇ ನೆಲದ ಮೇಲೆ ಕುಸಿದು ಕೂತರು.

ಬಿಂದಿಗೆ ತುಂಬಿದೆ. ಸಿಂಬಿಯ ಮೇಲೆ ಇಟ್ಟೆ. ಕಣ್ಣು ಮುಚ್ಚಿಕೊಂಡೇ ನಡೆದೆ, ದೇವರಾಣೆ. ಬಿಸಿಲು ಮುಗಿದು ನೆರಳು ಮುಖಕ್ಕೆ ತಾಗಿದಾಗ ಒಳಗಿದ್ದೆ. ಒಂದು ಹನಿ ನೀರು ಚೆಲ್ಲಿರಲಿಲ್ಲ. ಹೊರಗೆ ಶಿಲ್ಪ ಸಿಳ್ಳೆ ಹಾಕಿದಳು.

ಹಾಲು ಉಕ್ಕಿಸಿದೆ. ಆಮೇಲೆ ಮಸಾಲೆ ರುಬ್ಬಿ ಮಟನ್ ಸಾರಿಗೆ ಇಟ್ಟು, ಮುದ್ದೆಗೆ ಎಸರಿಟ್ಟೆ. ಹೊಸ ಒಲೆ ಹೊಗೆ ಕಾರುತ್ತಿತ್ತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅದು ಯಾವ ನೀರೆಂದು ಯಾರೂ ಕೇಳುವಂತಿರಲಿಲ್ಲ. ಪಕ್ಕದ ಎರಡು ಗುಡಿಸಲಿನಿಂದಲೂ ಒಗ್ಗರಣೆಯ ಘಾಟು ಬರುತ್ತಿತ್ತು.

ಹೊರಗೆ ಆರ್‌ಸಿಸಿ ಮಾತು ಎದ್ದು ಅಲ್ಲೇ ಬಿತ್ತು. ನನ್ನ ಗಂಡ ಕೊನೆಯ ಪ್ರಯತ್ನವಾಗಿ, “ಅದೆಲ್ಲಾ ಸರಿ, ಇವಳು ಎರಡು ತಿಂಗಳು ಇಲ್ಲಿದ್ರೆ ಮನೇಲಿ ನಂಗೂ ಅಪ್ಪಂಗೂ ಬೇಯ್ಸಿ ಹಾಕೋರು ಯಾರು?” ಅಂದರು.

“ನಿನ್ನ ಹತ್ರ ಪ್ಲಾನು ಇದೆಯಲ್ಲ, ಅದನ್ನೇ ಬೇಯ್ಸ್ಕೋ,” ಅಂದರು ಬೂದಿಗೆರೆ ಅತ್ತೆ.

“ನಾನು ಅನ್ನ ಮಾಡ್ತೀನಿ ಮಾವ, ಯೂಟ್ಯೂಬ್ ನೋಡಿ,” ಅಂದ ಮುರಳಿ. ಅವನು ಶಿಲ್ಪಳ ನೈಟಿಯನ್ನು ಲುಂಗಿಯ ಹಾಗೆ ಸುತ್ತಿಕೊಂಡು ಕೂತಿದ್ದ, ಪಂಚೆ ಮಾವಿನ ಕೊಂಬೆಯಲ್ಲಿ ಒಣಗುತ್ತಿತ್ತು.

“ಕರೆದ್ರೆ ಊಟಕ್ಕೆ ಬನ್ನಿ,” ಎಂದು ನಾನು ಒಳಗಿನಿಂದಲೇ ಕೂಗಿದೆ. “ಕರೆದ್ರೆ ಮಾತ್ರ!”

ಅಡುಗೆಯಾಯಿತು. ಗುಡಿಸಲಿನವಳು ಮೊದಲು ಯಾರನ್ನು ಕರೆಯುತ್ತಾಳೆ ಅನ್ನುವುದು ನಮ್ಮ ತೋಟದಲ್ಲಿ ದೊಡ್ಡ ಮಾತು. ವರ್ಷಗಟ್ಟಲೆ ಮುನಿಸಿಗೆ ಕಾರಣವಾದದ್ದೂ ಉಂಟು. ನಾನು ಬಾಗಿಲಿಗೆ ಬಂದೆ. ಅತ್ತೆ ಮುತ್ಯಾಲಮ್ಮನವರ ಮುರುಕು ಗೋಡೆಯ ಮೇಲೆ, ಹೊಂಗೆಯ ನೆರಳಲ್ಲಿ, ಚಾಪೆಯ ಸುರುಳಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

“ಅತ್ತೆ, ನಮ್ಮ ಮನೆಗೆ ಊಟಕ್ಕೆ ಬನ್ನಿ.”

ಅವರು ಎದ್ದು ಸೆರಗು ಸರಿಮಾಡಿಕೊಂಡು, ನೆಂಟರ ಮನೆಗೆ ಬರುವ ಹಾಗೆಯೇ ಬಂದರು. ಕಾಲು ತೊಳೆಯಲು ನೀರು ಕೊಟ್ಟೆ. ಎಲೆ ಹಾಕಿ ಮುದ್ದೆ ಬಡಿಸಿ ಗುಂಡಿ ಮಾಡಿ ಸಾರು ಬಿಟ್ಟೆ. ಸೊಸೆಯಾಗಿ ಬಂದ ಐವತ್ತೆರಡು ವರ್ಷದಲ್ಲಿ ಈ ತೋಟದಲ್ಲಿ ಮೊದಲ ಎಲೆ ಅವರಿಗೆ ಬಿದ್ದಿರಲಿಲ್ಲ. ಅವರು ಎರಡು ತುತ್ತು ನುಂಗಿದ ಮೇಲೆ ಕೇಳಿದೆ.

“ಅತ್ತೆ, ಯಶಸ್ವಿನಿ ನನಗಿಂತ ಎತ್ತರ ಅಂತ ನಿಮಗೆ ಗೊತ್ತಿರ್ಲಿಲ್ವಾ?”

“ಆ ಮಗೀಗೆ ಹದಿನೆಂಟು ವರ್ಷ ಎಣ್ಣೆ ನೀರು ಹಾಕಿದೋಳು ನಾನು. ಬಚ್ಚಲ ಗೋಡೆ ಮೇಲೆ ಅವಳೆತ್ತರ ಗೀಚಿದೋಳೂ ನಾನೇ.”

“ಮತ್ತೆ ಒಂದೇ ಎತ್ತರ ಅಂದ್ರಿ?”

ಅತ್ತೆ ಮೂಳೆ ಚೀಪುತ್ತಿದ್ದರು.

“ಅವತ್ತು ಅವ್ರನ್ನ ಬೆಟ್ಟಕ್ಕೆ ಕಳಿಸಿದ್ದು?”

“ಹೊಸದಾಗಿ ಮದ್ವೆಯಾದೋರು, ಬೆಟ್ಟ ಹತ್ತಿದ್ರೆ ಒಳ್ಳೇದು.” ಮೂಳೆ ಎಲೆಯ ಅಂಚಿಗಿಟ್ಟರು. “ನೋಡು ಕವಿತ, ಅನುಸೂಯಂಗೆ ಹುರಿ ಹಿಡಿದಾಗ ನಾನು ಹೊಸ ಸೊಸೆ. ಶಿಲ್ಪಂಗೆ ನೀನು ಹಿಡಿದಾಗ ನಿನ್ನ ಮುಖ ನೋಡ್ದೆ. ಅದೇ ಮುಖ, ನಂದೇ. ಇನ್ನೊಂದು ಸಲ ಹಿಡಿಯೋ ಹೊತ್ತು ಬಂದ್ರೆ ಯಾರಿಗೆ ಹಿಡೀಬೇಕೂಂತ ಅವತ್ತೇ ತೀರ್ಮಾನ ಮಾಡ್ಬಿಟ್ಟೆ.”

ಸೌಟು ಹಿಡಿದುಕೊಂಡು ಹಾಗೇ ಕೂತೆ.

“ಸಾರು ಹಾಕು. ಉಪ್ಪು ಒಂಚೂರು ಮುಂದಾಗಿದೆ.”

“ನನ್ನ ಒಲೆ, ನನ್ನ ಉಪ್ಪು,” ಅಂದೆ.

ಅತ್ತೆ ನಕ್ಕು ನಕ್ಕು ಕೆಮ್ಮಿದರು. ನೀರು ಕುಡಿದರು. ಎಲೆ ಮಡಿಸಿ, ಕೈ ತೊಳೆದು ಬಂದು, ಬಾಗಿಲಿಂದ ಗಾಳಿ ಬರುವ ಜಾಗವನ್ನು ಕಾಲಿನಿಂದ ಸವರಿ ನೋಡಿದರು.

“ರಾತ್ರಿ ಇಲ್ಲೇ ಮಲಗ್ತೀರಾ ಅತ್ತೆ?” ಅಂದೆ.

“ಮತ್ತೆ ಬೆಳಿಗ್ಗೆಯಿಂದ ಈ ಚಾಪೆ ಯಾಕೆ ಹೊತ್ಕೊಂಡು ತಿರುಗ್ತಿದೀನಿ ಅಂದ್ಕೊಂಡೆ?” ಎಂದು ಅತ್ತೆ ಸುರುಳಿ ಬಿಚ್ಚಿದರು. ಅದು ಇಬ್ಬರು ಮಲಗುವ ಚಾಪೆ.